ಊಟದ ಚಾರ್ಟ್‌ಗೆ ಬಂದ ರಾಜೀನಾಮೆ

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಶಿಗ್ಗಾಂವಿಯ ನಮ್ಮ ಬೀಜ ಪರೀಕ್ಷೆಯ ಲ್ಯಾಬ್. ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ದುಂಡಸಿಯಿಂದ ಬಸ್ಸಿನಲ್ಲಿ ಬರುವ ರೇಣುಕಾ, ಮೇಜಿನ ಮೇಲೆ ಆಕೆಯ ರಾಜೀನಾಮೆ ಪತ್ರ.

ಎರಡು ವರ್ಷದಲ್ಲಿ ಇದು ಐದನೆಯದು. ಬರೆದವರಲ್ಲಿ ಯಾರೂ ಇಪ್ಪತ್ತೈದು ದಾಟಿದವರಲ್ಲ. ಕೆಲಸ ಕಲಿಸುವುದು, ಕಲಿತ ಮೇಲೆ ಅವರು ಹೋಗುವುದು, ಮತ್ತೆ ಮೊದಲಿನಿಂದ ಕಲಿಸುವುದು. ನಿಜ ಹೇಳಲೇ? ಸಾಕಾಗಿದೆ. ಒದ್ದೆ ಕಾಗದದಲ್ಲಿ ಸುತ್ತಿಟ್ಟ ನೂರು ಬೀಜಗಳಲ್ಲಿ ಎಷ್ಟು ಮೊಳೆತವು ಎಂದು ರೇಣುಕಾಳಷ್ಟು ಸರಿಯಾಗಿ ಎಣಿಸುವವರು ನಮ್ಮಲ್ಲಿಲ್ಲ. ಈಕೆಯನ್ನು ಕಳೆದುಕೊಳ್ಳುವ ತ್ರಾಣ ನನಗಿರಲಿಲ್ಲ.

"ಪಗಾರ ಕಡಿಮಿ ಆತೇನವಾ?"

"ಇಲ್ರಿ ಸರ್."

"ಮದುವಿ ಗೊತ್ತಾತೇನು?"

"ಪಗಾರ ಬಿಟ್ರ ಮದುವಿ! ಹುಡುಗ್ಯಾರು ಕೆಲಸ ಬಿಡಾಕ ಬ್ಯಾರೆ ಕಾರಣಾನ ಇರೂದಿಲ್ಲೇನ್ರಿ?" ಎಂದವಳು ಗೋಡೆಯ ಕಡೆ ಬೆರಳು ತೋರಿಸಿದಳು.

ಅಲ್ಲಿದ್ದದ್ದು ಕಳೆದ ತಿಂಗಳು ನಾನೇ ಅಂಟಿಸಿದ ಊಟದ ಚಾರ್ಟ್. ರೇಣುಕಾಗೆ ಊಟ ಒಂದು ಗಂಟೆಗೆ. ಆಕೆಯ ಜೊತೆ ಕೆಲಸ ಮಾಡುವ ಸವಣೂರಿನ ಶಾಹೀನಾಗೆ ಒಂದೂವರೆಗೆ. ಇಬ್ಬರೂ ಒಟ್ಟಿಗೆ ಕುಳಿತರೆ ಫೋನ್ ಎತ್ತುವವರಿಲ್ಲ, ನಗು ಮಾತ್ರ ಗೇಟಿನ ತನಕ. ಶಿಸ್ತು ಬೇಡವೇ?

"ನಾವು ದಿನಾ ಡಬ್ಬಿ ಅದಲುಬದಲು ಮಾಡ್ತಿದ್ವಿರಿ. ನಾನು ಮಟನ್ ತಿನ್ನಂಗಿಲ್ಲಂತ ಶಾಹೀನಾನ ಅಮ್ಮಿ ಡ್ಯೂಟಿ ದಿನ ಬರೇ ಕಾಯಿಪಲ್ಯೆ ಮಾಡ್ತಾರ. ನಮ್ಮವ್ವ ಆಕಿಗಂತ ರೊಟ್ಟಿ ಜೋಡಿ ಶೇಂಗಾ ಹಿಂಡಿ ಕುಟ್ಟಿ ಕಟ್ತಾಳ."

"ಡಬ್ಬಿ ಈಗೂ ಬದಲಿ ಮಾಡಬಹುದಲ್ಲ?"

"ಮಾಡಬಹುದ್ರಿ. ಮುಚ್ಚಳ ತೆಗದ ಕೂಡ್ಲೆ 'ಇವತ್ತೂ ಬದನಿಕಾಯಿ ಏನಬೇ' ಅಂತ ಬೈಯಾಕ ಎದುರಿಗೆ ಯಾರ ಇರ್ತಾರ? ಗ್ವಾಡಿಗೆ ಮಾರಿ ಮಾಡಿ ಉಣ್ಣಾಕ ದುಂಡಸಿಯಿಂದ ಬಸ್ ಹತ್ತಿ ಬರ್ಬೇಕೇನ್ರಿ?"

ನನ್ನ ಕಣ್ಣು ಕಪಾಟಿನ ಒಂದು ಫೈಲಿನ ಕಡೆ ಹೋಯಿತು.

ಚಾರ್ಟ್ ಹಾಕುವ ಮುಂಚಿನ ವಾರವಷ್ಟೇ ಹುಬ್ಬಳ್ಳಿಗೆ ಹೋಗಿ ಎಮೋಷನಲ್ ಇಂಟೆಲಿಜೆನ್ಸ್, ಅಂದರೆ ಇನ್ನೊಬ್ಬರ ಮನಸ್ಸು ಅರಿಯುವ ಬಗ್ಗೆ ಒಂದು ದಿನದ ಟ್ರೇನಿಂಗ್ ಮುಗಿಸಿ ಬಂದಿದ್ದೆ. ಒಂಬತ್ತು ಪುಟ ನೋಟ್ಸ್ ಬರೆದೆ. ಪಂಚ್ ಮಾಡಿ ಫೈಲಿಗೆ ಹಾಕಿದೆ. (ಫೈಲ್ ಈಗಲೂ ಅಚ್ಚುಕಟ್ಟಾಗಿದೆ.) ಸವಣೂರಿನ ಆ ತಾಯಿ ಯಾವ ಟ್ರೇನಿಂಗಿಗೆ ಹೋಗಿದ್ದರು? ಯಾರದೋ ಮಗಳಿಗಾಗಿ ತಮ್ಮ ಮನೆಯ ಅಡುಗೆಯನ್ನೇ ಬದಲಿಸಿದ್ದರು.

ನಾನೂ ಮೂವತ್ತು ವರ್ಷ ಆಫೀಸಿನಲ್ಲಿ ಉಂಡವನೇ. ಸರಿಯಾಗಿ ಒಂದು ಗಂಟೆಗೆ, ಒಬ್ಬನೇ, ಹನ್ನೆರಡು ನಿಮಿಷದಲ್ಲಿ. ಒಮ್ಮೆಯೂ ತಡವಾಗಿದ್ದಿಲ್ಲ. ಆದರೆ ನಾನು ಏನು ತಂದಿದ್ದೇನೆಂದು ಇಣುಕಿ ನೋಡಿದ ಒಂದು ಮುಖವೂ ಈಗ ನೆನಪಿಗೆ ಬರುವುದಿಲ್ಲ.

"ಚಾರ್ಟ್ ತೆಗೀತೇನಿ. ಇರ್ತಿಯೇನು?" ಎಂದೆ.

ರೇಣುಕಾ ಪತ್ರವನ್ನು ನನ್ನ ಕಡೆ ಸರಿಸಿದಳು. "ಒಂದು ತಿಂಗಳು ನೋಡ್ತೇನ್ರಿ. ಪತ್ರ ನಿಮ್ಮ ಕಡೇನ ಇರ್ಲಿ."

ಒಂದು ಗಂಟೆಗೆ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚಿದರು. ಫೋನ್ ಎರಡು ಸಲ ಬಂತು. ಎರಡೂ ಸಲ ನಾನೇ ಎದ್ದು ಹೋಗಿ ಎತ್ತಿದೆ. ಮೊಣಕಾಲು ನೋವು ಬೇರೆ.

ಸಂಜೆ ಐದೂವರೆ. ಚಾರ್ಟ್ ಕಿತ್ತ ಗೋಡೆಯಲ್ಲಿ ಉಳಿದಿದ್ದ ಗೋಂದನ್ನು ಕೆರೆದು ತೆಗೆದೆ, ಪತ್ರವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ದಿನದ ಕೊನೆಯ ಕೆಲಸ ಅದೇ.

ಒಂದು ತಿಂಗಳ ನೋಟಿಸ್ ಈಗ ನಡೆಯುತ್ತಿರುವುದು ಆಕೆಯದೋ, ನನ್ನದೋ?