ಗುಡ್ಡದ ದಾರಿಗೆ ಟೈರು ಆರಿಸಿಕೊಟ್ಟವರು

ಅವರ ಎಡಗಣ್ಣು ಸದಾ ಕೆಂಪಗಿರುತ್ತಿತ್ತು. ನೀರಿನಲ್ಲಿ ಮುಳುಗಿಸಿದರೂ ಗುಳ್ಳೆ ಏಳದಷ್ಟು ಸಣ್ಣ ತೂತು ಹುಡುಕಲು, ಗಾಳಿ ತುಂಬಿದ ಟ್ಯೂಬನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು. ಒದ್ದೆ ಕಣ್ಣಿಗೆ ತಣ್ಣನೆಯ ಗಾಳಿ ತಾಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವರು. ನಂಗಲಿ ರಸ್ತೆಯಲ್ಲಿ ಅವರ ಸೈಕಲ್ ಶಾಪು. ನನಗೆ ಅವರು ಅಣ್ಣ, ಅವರಿಗೆ ನಾನು ಸಿಸ್ಟರಮ್ಮ.

ಎಪ್ಪತ್ತರ ದಶಕದ ಕೊನೆಯಲ್ಲಿ ಹೆರಿಗೆ ನೋಡುವ ನರ್ಸಾಗಿ ನಾನು ಮುಳಬಾಗಿಲು ತಾಲ್ಲೂಕಿಗೆ ಬಂದೆ. ಗುಡ್ಡದ ಹಳ್ಳಿಗಳಿಗೆ ಬರೀ ಬಂಡೆ, ಜಾಲಿಮುಳ್ಳಿನ ದಾರಿ. ನಾನೋ ಮೊದಲಿನಿಂದಲೂ ಪುಕ್ಕಲಿ. ನನ್ನ ಸೈಕಲ್ಲಿಗೆ ಟೈರು ಹಾಕಿಸಲು ಶಾಪಿಗೆ ಹೋದಾಗ, ಹೊಳಪು ನೋಡಿ ನಾನು ಮುಟ್ಟಿದ ಟೈರನ್ನು ಅಣ್ಣ ಮತ್ತೆ ಮೊಳೆಗೆ ನೇತುಹಾಕಿದರು.

"ಅದು ಟಾರು ರೋಡಿಗಮ್ಮಾ. ನಿಮ್ಗೆ ದಪ್ಪ ಹಲ್ಲಿರೋದು ಬೇಕು. ಟ್ಯೂಬೂ ಟೈರಿಗಿಂತ ದೊಡ್ಡದಿರಬಾರ್ದು, ಒಳಗೆ ಮಡಿಚ್ಕೊಂಡು ಅಲ್ಲೇ ತೂತು ಬೀಳುತ್ತೆ."

ಎರಡರ ನಡುವೆ, ಮುಳ್ಳಿಗೆ ತಡೆಯಾಗಿ, ಹಳೆಯ ಲಾರಿ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಹಾಸಿದರು. ಗಾಳಿ ಹೊಡೆಯುವಾಗ ಮಾತ್ರ ನಮಗೆ ಪ್ರತಿ ಸಲವೂ ಜಗಳ. ನಾನು "ಇನ್ನೆರಡು ಹೊಡೀರಣ್ಣ" ಎಂದರೆ ಅವರು ಇದ್ದದ್ದನ್ನೇ ಸ್ವಲ್ಪ ಬಿಡುತ್ತಿದ್ದರು.

"ಕಲ್ಲು ಬಗ್ಗಲ್ಲಮ್ಮಾ, ಟೈರೇ ಬಗ್ಗಬೇಕು. ಭಯ ಆದ್ರೆ ನೀರು ಕುಡೀರಿ, ಗಾಳಿ ಹೊಡೀಬೇಡಿ."

ಒಂದು ಬೇಸಿಗೆಯ ಮಧ್ಯಾಹ್ನ ಗುಡ್ಡದ ಹಳ್ಳಿಯಿಂದ ಚೊಚ್ಚಲ ಹೆರಿಗೆಗೆ ಕರೆ ಬಂತು. ದಾರಿಯಲ್ಲಿ ಹಾಲಿನ ಡೈರಿ, ಅಲ್ಲೊಂದು ಪಂಪು. ಚಕ್ರ ಮೆತ್ತಗಿದೆ ಎಂದು ಹೆದರಿ ಸೈಕಲ್ ನಿಲ್ಲಿಸಿದೆ. ಕೈ ನೋಯುವವರೆಗೆ ಹೊಡೆದೆ. ಅರ್ಧ ಗುಡ್ಡ ಏರುವಷ್ಟರಲ್ಲಿ, ಕಾದ ಬಂಡೆಯ ಮೇಲೆ, ಟೈರು ಢಬ್ಬೆಂದು ಒಡೆಯಿತು. ಸೈಕಲ್ ಅಲ್ಲೇ ಬಿಸಾಕಿ ಓಡಿದೆ. ನಾನು ಮುಟ್ಟುವ ಹೊತ್ತಿಗೆ ಮಗು ಹುಟ್ಟಿ, ತಾಯಿ ರಕ್ತ ಹೋಗಿ ಬಿಳಿಚಿಕೊಂಡಿದ್ದಳು. ಎತ್ತಿನ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಸಾಗಿಸಿದೆವು. ಉಳಿಯುತ್ತಾಳೆ ಎಂದು ಡಾಕ್ಟರು ಹೇಳಲು ಎರಡು ದಿನ ಬೇಕಾಯಿತು.

ಮೂರನೆಯ ದಿನ ಒಡೆದ ಟೈರಿನ ಸೈಕಲ್ ತಂದು ಶಾಪಿನಲ್ಲಿ ನಿಂತಿದ್ದಾಗ, ಅವಳ ಗಂಡ ಅಲ್ಲಿಗೇ ಬಂದು ನನ್ನನ್ನು ಅಡ್ಡಗಟ್ಟಿದ. "ನೀವು ಟೈಮಿಗೆ ಬಂದಿದ್ರೆ ಅವ್ಳಿಗೆ ಈ ಗತಿ ಬರ್ತಿತ್ತಾ? ಆಫೀಸರಿಗೆ ಬರೀತೀನಿ."

ಕೆಲಸ ಹೋಯಿತು ಎಂದುಕೊಂಡೆ. ಅಣ್ಣ ಒಡೆದ ಟೈರನ್ನು ಒಂದು ಸುತ್ತು ತಿರುಗಿಸಿ ನೋಡಿದರು, ಆಮೇಲೆ ನನ್ನನ್ನು. ಜಾಸ್ತಿ ಗಾಳಿಗೆ ಒಡೆದದ್ದೆಂದು ಅವರಿಗೆ ತಿಳಿದುಹೋಯಿತು.

"ತಪ್ಪು ನಂದು ಕಣಪ್ಪ. ಹಳೇ ಟೈರು ಹಾಕ್ಕೊಟ್ಟಿದ್ದೆ. ಆಯಮ್ಮನ್ನ ಏನೂ ಅನ್ಬೇಡ."

ನಾನು ಸುಮ್ಮನಿದ್ದೆ. ಗುಡ್ಡದಿಂದ ಸೈಕಲ್ಲಿನಲ್ಲಿ ಹಾಲು ತರುವವರು ಕೆಟ್ಟ ಟೈರಿನ ಸುದ್ದಿ ಕೇಳಿ ಅವರ ಶಾಪಿನ ಮೆಟ್ಟಿಲು ಹತ್ತುವುದು ಬಿಟ್ಟರು. ಅಣ್ಣ ಮಾತ್ರ ನನಗೆ ಟೈರು ಆರಿಸಿಕೊಡುವುದು ಬಿಡಲಿಲ್ಲ, ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಿಜವನ್ನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ವರ್ಷಗಟ್ಟಲೆ ತಳ್ಳಿದೆ. ನಾಚಿಕೆಗೇಡು.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಹೆಣ ಎತ್ತುವ ಮೊದಲು ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಅವತ್ತು ನಿಮ್ಗೆ ಕೆಟ್ಟ ಟೈರು ಕೊಟ್ಬಿಟ್ರಂತೆ ನಮ್ಮೋರು. ಮನ್ಸಲ್ಲಿ ಇಟ್ಕೋಬೇಡ್ರಮ್ಮಾ."

ಗುಡ್ಡದವರೂ ಅಲ್ಲೇ ಕೂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಟೈರು ಸರಿಯಾಗೇ ಇತ್ತಮ್ಮ. ಬೇಡ ಅಂದ್ರೂ ಜಾಸ್ತಿ ಗಾಳಿ ಹೊಡ್ದಿದ್ದು ನಾನು."

ಆಕೆ ನನ್ನ ಕೈ ಬಿಟ್ಟು, ಚಾಪೆಯ ಮೇಲೆ ಮಲಗಿಸಿದ್ದ ಗಂಡನ ಕಡೆ ತಿರುಗಿದರು.

"ನನ್ಹತ್ರಾನೂ ಸುಳ್ಳು ಹೇಳಿದ್ರಾ ನೀವು?" ಎಂದು ಜೋರಾಗಿ ಅತ್ತರು.