ನಂದಿಯ ಓರೆಗಣ್ಣು

ನಿನ್ನೆ ನಮ್ಮವರು (ಅಯ್ಯೋ, ಹೀಗೆ ಬರೆಯೋದೇ ಎಷ್ಟು ಖುಷಿ!) ಹೊಸ ಮನೆಯ ಕಿಟಕಿಗೆ ಬಣ್ಣ ಹಚ್ಚುತ್ತಿದ್ದರು. ಟರ್ಪಂಟೈನ್ ವಾಸನೆ ನನ್ನನ್ನು ಸೀದಾ ಬಾಲ್ಯಕ್ಕೆ, ನಮ್ಮೂರ ಕೌಲ್ ಬಜಾರಿನ ಟ್ರಂಕಿನಂಗಡಿಗೆ ಒಯ್ದಿತು.

ಅಲ್ಲಿ ಖಾದರ್ ತಾತ ಮದುವೆ ಟ್ರಂಕುಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಯಾರಲ್ಲೂ ಕಲಿತವರಲ್ಲ. ಜನ ನವಿಲು ಕೇಳಿದರೂ ಅವರು ಬರೆಯುತ್ತಿದ್ದುದು ಒಂದೇ ಕೆರೆಯಲ್ಲಿ ನೀರು ಕುಡಿಯುವ ನಂದಿ, ದರ್ಗಾದ ಪಟಗಳಲ್ಲಿರುವ ರೆಕ್ಕೆಯ ಕುದುರೆ, ದಂಡೆಯಲ್ಲಿ ಏಸುವಿನ ಕುರಿಮರಿ. ಕಣ್ಣುಗಳನ್ನು ಮಾತ್ರ ಬರೆಯದೆ ಬಿಡುತ್ತಿದ್ದರು. ಅವನ್ನು ಮದುಮಗಳ ಮನೆಯ ಮಗುವೇ ಇಡಬೇಕು, ಅದು ಅವರ ಪದ್ಧತಿ.

ಚಿಕ್ಕಮ್ಮನ ಮದುವೆಯಲ್ಲಿ ಅವಳ ಟ್ರಂಕಿಗೆ ಕಣ್ಣು ಇಟ್ಟವಳು ನಾನು. ಬಣ್ಣದಲ್ಲಿ ಅದ್ದಿದ ಬೆಂಕಿಕಡ್ಡಿ ಜಾರಿ ನಂದಿಗೆ ಓರೆಗಣ್ಣಾಯಿತು. ಮರುದಿನವೇ ಟ್ರಂಕು ಸಿರುಗುಪ್ಪದ ಬೀಗರ ಮನೆಗೆ ಹೋಗಬೇಕು. ನಾನು ಅಳತೊಡಗಿದೆ.

"ಅಳಿಸಿಬಿಡ್ರಿ ತಾತಾ, ಬೀಗರು ನಗ್ತಾರ," ಎಂದಳು ಅವ್ವ.

"ಇಟ್ಟ ಕಣ್ಣು ಕೀಳಾಕ ಬರಂಗಿಲ್ಲಮ್ಮಾ. ಕುದುರಿ ನೀರು ಕುಡೀತೋ ಇಲ್ಲೋ ಅಂತ ನಂದಿ ನೋಡಾಕತ್ತೈತಿ, ನೋಡ್ಲಿ ಬಿಡು," ಎಂದರು ತಾತ. ನನ್ನ ಅಳು ಅಲ್ಲೇ ನಿಂತಿತು.

ಆ ಟ್ರಂಕನ್ನು ಚಿಕ್ಕಮ್ಮ ಈಗ ನನ್ನ ಮದುವೆಗೆ ಕೊಟ್ಟಿದ್ದಾಳೆ. ನಿನ್ನೆ ಕುಂಚ ಕೆಳಗಿಟ್ಟು ಇವರು ಅದನ್ನೇ ನೋಡುತ್ತಾ ಕೇಳಿದರು: "ಈ ನಂದಿ ಯಾಕ ಹಿಂಗ ನೋಡಾಕತ್ತೈತಿ?"

"ನೀವು ಉಂಡ್ರೋ ಇಲ್ಲೋ ಅಂತ," ಎಂದೆ.