ಗವಿಯಲ್ಲಿ ಕಾದು ನಿಂತವರು

ಕಳೆದ ವಾರ ಕಚೇರಿಯ ಹಳೆಯ ಬೀರು ಖಾಲಿ ಮಾಡುವಾಗ ಟೈಪ್‌ರೈಟರ್ ರಿಬ್ಬನ್ನಿನ ಪುಟ್ಟ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಒಣಗಿದ ಶಾಯಿ, ಎಣ್ಣೆ... ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದೆ, ಮತ್ತೆ ಬಂದು ಕೂತೆ, ಮತ್ತೆ ಎದ್ದೆ. ನಮ್ಮ ಟೈಪಿಂಗ್ ಮೇಷ್ಟ್ರು ನೆನಪಾದಾಗಲೆಲ್ಲ ನನಗೆ ಹೀಗೇ ಆಗುತ್ತದೆ.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ನಾನು ತಾಳಗುಂದದಿಂದ ದಿನವೂ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಹನ್ನೆರಡು ಟೈಪ್‌ರೈಟರುಗಳು, ಮೂಲೆಯಲ್ಲಿ ಒಂದು ಕಂಪ್ಯೂಟರ್. ಮೇಷ್ಟ್ರಿಗೆ ಐವತ್ತರ ಹತ್ತಿರದ ವಯಸ್ಸು, ಒಂಟಿ ಮನುಷ್ಯ. ಮಾತು ಉಗ್ಗುತ್ತಿತ್ತು. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ ಒದ್ದಾಡುತ್ತಿದ್ದರು. ಹಾಗಾಗಿ ಪಾಠವನ್ನೂ ಮಾಡಿ ತೋರಿಸಿಯೇ ಹೇಳಿಕೊಡುತ್ತಿದ್ದರು. ಆದರೆ ಬೆರಳು! ಅವರು ಟೈಪ್ ಮಾಡುವಾಗ ನಾವೆಲ್ಲ ನಮ್ಮ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು.

ನನ್ನ ಕೈ ಚುರುಕಾಗಿದೆ ಅನ್ನಿಸಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಶಿವಮೊಗ್ಗದ ನಂಬರಿಗೆ ಫೋನ್ ಹಚ್ಚಿ, ಕಿರ್ರೋ ಎನ್ನುವ ಸದ್ದು ಮುಗಿದ ಮೇಲೆ, ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ಅದೊಂದು ಆಟ, ಆದರೆ ಚಿತ್ರವಿಲ್ಲ, ಬಣ್ಣವಿಲ್ಲ; ಬರೀ ಬರೆದು ಆಡುವುದು. 'ನೀನು ಕೋಟೆಯ ಬಾಗಿಲ ಮುಂದೆ ನಿಂತಿದ್ದೀಯ. ಉತ್ತರಕ್ಕೆ ಕಾಡು. ಪೂರ್ವಕ್ಕೆ ಬಾವಿ.' ನಾನು 'ಉತ್ತರ' ಎಂದು ಹೊಡೆದೆ. ಕಾಡಿನೊಳಗೆ ಬಂದೆ! ಅಲ್ಲಿ ಇನ್ನಿಬ್ಬರು ನಿಂತಿದ್ದರು. ಕಂಪ್ಯೂಟರ್ ಹುಟ್ಟಿಸಿದ ಗೊಂಬೆಗಳಲ್ಲ, ತಮ್ಮ ತಮ್ಮ ದೇಶದಲ್ಲಿ ಕೂತು ಆಡುತ್ತಿದ್ದ ನಿಜವಾದ ಮನುಷ್ಯರು. ಒಬ್ಬ ಫಿನ್ಲೆಂಡಿನವನು, ಒಬ್ಬಳು ಮಲೇಷ್ಯಾದ ಆಸ್ಪತ್ರೆಯೊಂದರ ನರ್ಸ್. ಅವನು ಅಲ್ಲಿ ಕತ್ತಿ ಹಿಡಿದ ಕಾವಲುಗಾರ, ಅವಳು ಬಿಲ್ಲುಗಾರ್ತಿ. ನಮ್ಮ ಮೇಷ್ಟ್ರು ವೈದ್ಯರು. ಗಾಯವಾದವರಿಗೆ ಮದ್ದು ಕೊಡುವುದು, ಹೊಸಬರಿಗೆ ದಾರಿ ತೋರಿಸುವುದು ಅವರ ಕೆಲಸ. ಅಲ್ಲಿ ಅವರು ಎಷ್ಟು ಮಾತಾಡುತ್ತಿದ್ದರು! ತಮಾಷೆ ಮಾಡುತ್ತಿದ್ದರು, ಗದರಿಸುತ್ತಿದ್ದರು. ಅವರು ಉಗ್ಗುತ್ತಾರೆಂದು ಆ ಇಬ್ಬರಿಗೂ ಗೊತ್ತೇ ಇರಲಿಲ್ಲ.

ಒಂದು ದಿನ ಆ ಮೂವರೂ ತೋಳಗಳಿರುವ ಗವಿಯೊಳಗೆ ಹೋಗಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನಡುವೆ ಕರೆಂಟ್ ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯವರೆಗೆ ಬರುವುದಿಲ್ಲವೆಂದು ಕೆಳಗಿನಿಂದ ಯಾರೋ ಕೂಗಿದರು. ಇಲ್ಲಿ ಕಂಪ್ಯೂಟರ್ ಆರಿದರೂ ಅಲ್ಲಿ ಅವರ ಪಾತ್ರ ಕಲ್ಲಿನ ಹಾಗೆ ನಿಂತೇ ಇರುತ್ತದೆ. ಜೊತೆಯವರು ಬಿಟ್ಟು ಹೋದರೆ ತೋಳಗಳು ಮುಗಿಸುತ್ತವೆ. ಬಿಟ್ಟು ಹೋಗದಿದ್ದರೆ, ಮದ್ದು ಕೊಡುವವರಿಲ್ಲದೆ ಆ ಇಬ್ಬರ ಕಥೆಯೂ ಅಷ್ಟೇ. ಮೇಷ್ಟ್ರು ಆ ಗೋಡೆಯಿಂದ ಈ ಗೋಡೆಗೆ ಓಡಾಡತೊಡಗಿದರು. ಕೂರಿ ಸರ್ ಎಂದರೂ ಕೂರಲಿಲ್ಲ.

ಹೆಜ್ಜೆ ಸದ್ದಿಗೆ ಕೆಳಗಿನ ಅಂಗಡಿಯ ಸಾಹುಕಾರರು ಹತ್ತಿ ಬಂದರು. ಕಟ್ಟಡವೂ ಅವರದೇ.

"ಏನ್ರೀ ಮೇಷ್ಟ್ರೇ, ನನ್ ತಲಿ ಮ್ಯಾಲೆ ಏನ್ ನಡಸೀರಿ?"

ಮೇಷ್ಟ್ರು ಹೇಳಲು ಹೋದರು. "ಗ... ಗ..." ಅಷ್ಟೇ. ಕಣ್ಣು ಮುಚ್ಚಿಕೊಂಡರು. ನಾನೇ ಬಾಯಿ ಹಾಕಬೇಕಾಯಿತು. ಆದರೆ ಕಂಪ್ಯೂಟರನ್ನೇ ಮುಟ್ಟದವರಿಗೆ ಇದನ್ನು ಹೇಗೆ ಹೇಳುವುದು? ತಡವರಿಸಿದೆ. "ಬಯಲಾಟ ಇದ್ದಂಗೆ ಸಾಹುಕಾರ್ರೇ. ಒಬ್ಬೊಬ್ರದು ಒಂದೊಂದು ವೇಷ. ಆದ್ರೆ ಮಾತು ಯಾರೂ ಬರೆದುಕೊಟ್ಟಿರಲ್ಲ, ಅವರವರೇ ಕಟ್ಟಿ ಆಡೋದು. ಮುಂದೇನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಒಬ್ರು ಇಲ್ಲಿ ಕೂತಿರ್ತಾರೆ, ಇನ್ನೊಬ್ರು ಸಮುದ್ರದಾಚೆ..."

"ಗೆಲ್ಲೋರು ಯಾರು?"

"ಗೆಲ್ಲೋದು ಅಂತಿಲ್ರೀ. ಜತೆಗಿದ್ದು ನಡೀತಾ ಹೋಗೋದು."

"ಈಗ ಆಗಿದ್ದೇನು?"

"ಆಟದ ನಡುವೆ ಮೇಷ್ಟ್ರು ರಂಗದ ಮೇಲೆ ಮೂರ್ತಿ ಆಗಿ ನಿಂತುಬಿಟ್ಟಾರೆ. ಜತೆಯವರಿಗೆ ಯಾಕೆ ಅಂತ ಗೊತ್ತಿಲ್ಲ."

ಸಾಹುಕಾರರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಅವರು ಹರೆಯದಲ್ಲಿ ಬಯಲಾಟದಲ್ಲಿ ರಾಜನ ವೇಷ ಹಾಕುತ್ತಿದ್ದವರು. ಅದು ನನಗೆ ಆಮೇಲೆ ತಿಳಿಯಿತು. "ಜತಿ ಪಾತ್ರದೋರ್ನ ನಡುವೆ ಬಿಟ್ಟು ಇಳೀಬಾರದು. ತಪ್ಪಾಕತಿ," ಎಂದರು. "ಕರೆಂಟು ಎಲ್ಲೈತೆ? ಶಿವಮೊಗ್ಗದಾಗೆ ಇದ್ದೀತು. ನಡೀರಿ, ಜೀಪ್ ತೆಗೀತೀನಿ. ತಂಗೀ, ನೀನೂ ಬಾ. ಇವರ ಮಾತು ನನಗೆ ತಿಳಿಯಲ್ಲ."

ದಾರಿಯುದ್ದಕ್ಕೂ ಮೇಷ್ಟ್ರ ಬೆರಳುಗಳು ಮಂಡಿಯ ಮೇಲೆ ಟೈಪ್ ಮಾಡುತ್ತಲೇ ಇದ್ದವು. ಶಿವಮೊಗ್ಗದಲ್ಲಿ ಸೈಬರ್ ಸೆಂಟರ್ ಹುಡುಕಿ, ಖಾಲಿ ಕುರ್ಚಿ ಸಿಗುವ ಹೊತ್ತಿಗೆ ಕರೆಂಟ್ ಹೋಗಿ ಎರಡು ತಾಸು ಮೀರಿತ್ತು. ಪರದೆ ತೆರೆಯಿತು. ಮೇಷ್ಟ್ರು ಬದುಕಿದ್ದರು! ಕಾವಲುಗಾರನೂ ಬಿಲ್ಲುಗಾರ್ತಿಯೂ ಅವರ ಎರಡು ಪಕ್ಕಕ್ಕೆ ನಿಂತಿದ್ದರು. ಇಬ್ಬರಿಗೂ ತುಂಬಾ ಗಾಯ. ಬಿಲ್ಲುಗಾರ್ತಿ ಏನೋ ಬರೆದಿದ್ದಾಳೆ ಎಂದೆ.

"ಅವಳು ಏನ್ ಬರದಾಳೆ? ಓದವ್ವಾ," ಎಂದರು ಸಾಹುಕಾರರು.

ನಾನು ಕನ್ನಡದಲ್ಲಿ ಓದಿದೆ. "'ನಿನ್ನ ಊರಲ್ಲಿ ಕರೆಂಟ್ ಹೋಯಿತು ಅಂದುಕೊಂಡೆವು. ಬಿಟ್ಟು ಹೋಗಲಿಲ್ಲ. ನನಗೆ ಡ್ಯೂಟಿ ಇತ್ತು, ಗೆಳತಿಯನ್ನು ಕಳಿಸಿ ಇಲ್ಲೇ ಕೂತೆ' ಅಂತ ಬರೆದಾಳೆ."

ಮೇಷ್ಟ್ರು ಇಬ್ಬರಿಗೂ ಮದ್ದು ಕೊಟ್ಟರು. ಆಮೇಲೆ ಕೈ ಕೆಳಗಿಟ್ಟು, ಎಲ್ಲರ ಎದುರೇ ಅತ್ತರು. ಸಾಹುಕಾರರು ಅವರ ಬೆನ್ನ ಮೇಲೆ ಕೈಯಿಟ್ಟು, "ನಂದೂ ಒಂದು ನಮಸ್ಕಾರ ಹಾಕವ್ವಾ ಅವರಿಗೆ," ಎಂದರು. ಹಾಕಿದೆ.

ಮುಂದಿನ ಮಳೆಗಾಲದಲ್ಲಿ ಸೊರಬದಲ್ಲಿದ್ದ ಮೇಷ್ಟ್ರ ಅಕ್ಕನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಸುದ್ದಿ ಬಂದ ದಿನವೇ ಅವರು ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಹೊರಟರು. ಬಸ್ ನಿಲ್ದಾಣದಲ್ಲಿ, ಆಟದ ವಿಳಾಸವನ್ನೂ ತಮ್ಮ ಗುಪ್ತಪದವನ್ನೂ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟರು. "ಹೇ... ಹೇಳಿಬಿಡಮ್ಮ. ನಾ... ನಾನು ಬರಲ್ಲ ಅಂತ."

ಹೇಳುತ್ತೇನೆ ಎಂದೆ. ಆದರೆ ಅದಕ್ಕೆ ಶಿವಮೊಗ್ಗದ ಸೈಬರ್ ಸೆಂಟರಿಗೆ ಹೋಗಬೇಕಿತ್ತು. ಪರೀಕ್ಷೆ ಇತ್ತು, ಆಮೇಲೆ ಕೆಲಸದ ಅರ್ಜಿ, ಆಮೇಲೆ ಜೋಳದ ಕೊಯ್ಲು... ನಾಳೆ, ನಾಳೆ.

ದೀಪಾವಳಿಯ ಹೊತ್ತಿಗೆ ಸೊರಬದ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಕೈಯಲ್ಲಿ ಔಷಧಿಯ ಚೀಲ. ಕ್ಷೇಮ ಸಮಾಚಾರವನ್ನೂ ಕೇಳದೆ, "ಹೇ... ಹೇಳಿದೆಯಾ?" ಎಂದರು.

"ಹೇಳಿದೆ ಸರ್," ಎಂದೆ. ಯಾಕೆ ಹಾಗೆಂದೆ? ನಾಚಿಕೆಗೆ ಇರಬೇಕು. ಅವರ ಮುಖ ಹಗುರಾಯಿತು. "ಏ... ಏನಂದ್ರು?"

"ಚೆನ್ನಾಗಿರಲಿ ಅಂದ್ರು ಸರ್."

ಅವರು ತಲೆಯಾಡಿಸಿ ಮನೆಯ ಕಡೆ ನಡೆದರು. ಅದೇ ಕೊನೆ. ಯುಗಾದಿಗೆ ಮೊದಲೇ ಹೃದಯಾಘಾತವಾಗಿ ಹೋದರಂತೆ. ಅಕ್ಕನಿಗಿಂತ ಮುಂಚೆ.

ಸುದ್ದಿ ತಿಳಿದ ಮಾರನೆಯ ದಿನವೇ ಶಿವಮೊಗ್ಗಕ್ಕೆ ಓಡಿದೆ. ಚೀಟಿ ನೋಡಿ ಒಳಹೊಕ್ಕೆ. ಆಟದೊಳಗಿನ ಅಂಚೆಯಲ್ಲಿ ಮೇಷ್ಟ್ರ ಹೆಸರಿಗೆ ಕಾಗದಗಳು ಬಂದು ಬಿದ್ದಿದ್ದವು. ಎಲ್ಲವೂ ಆ ನರ್ಸಿನವು. ಮೊದಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಕೊನೆಯದರಲ್ಲಿ ಒಂದೇ ಸಾಲು: 'ನಿನ್ನ ಊರಲ್ಲಿ ಇನ್ನೂ ಕರೆಂಟ್ ಬಂದಿಲ್ಲವೇ?'

ಉತ್ತರ ಬರೆದೆ. ಅವಳು ಓದಿದಳೋ ಇಲ್ಲವೋ. ತಿಂಗಳು ಬಿಟ್ಟು ಮತ್ತೆ ಹೋದಾಗ ಆ ವಿಳಾಸದಲ್ಲಿ ಆಟವೇ ಇರಲಿಲ್ಲ, ಮುಚ್ಚಿಹೋಗಿತ್ತು.

ಈಗ ನನ್ನ ಮೇಜಿನ ಮೇಲೇ ಕಂಪ್ಯೂಟರ್ ಇದೆ, ದಿನವಿಡೀ ಇಂಟರ್ನೆಟ್ ಇದೆ. ಈ ವಾರ ಎಷ್ಟು ಸಲ ಹುಡುಕಿದೆನೋ... ಏನೆಂದು ಹುಡುಕಲಿ? ಬಿಲ್ಲುಗಾರ್ತಿ ಎಂದೇ? ಆ ಹೆಂಗಸಿನ ನಿಜವಾದ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ಗೊತ್ತಿದ್ದರೆ ಇವತ್ತೇ ಬರೆದುಬಿಡುತ್ತಿದ್ದೆ: ಅವರು ನಿಮ್ಮನ್ನು ಬಿಟ್ಟು ಹೋಗಿರಲಿಲ್ಲ, ಹೇಳಿ ಕಳಿಸಿದ್ದರು. ತಡ ಮಾಡಿದ್ದು ನಾನು.